ಹಾಲು ಹರಿಯದ ಪೈಪಿನ ಚರಿತ್ರೆ



"ಮಷೀನ್ ಹಾಕಿ ಕರೆದರೆ ಹಸುವಿನ ಕೆಚ್ಚಲು ಕೆಡುತ್ತೆ" ಅನ್ನೋ ಮಾತು ನಮ್ಮ ಕಡೆ ಪ್ರತಿ ಡೈರಿ ಮುಂದೆಯೂ ಕೇಳಿಬರುತ್ತೆ. ಹೇಳುವವರು ಸುಳ್ಳು ಹೇಳ್ತಿಲ್ಲ. ಮಷೀನ್ ತಂದ ವರ್ಷದೊಳಗೆ ಕೆಚ್ಚಲು ಬಾವು ಬಂದು ಒಂದು ಮೊಲೆ ಬತ್ತಿಹೋದ ಹಸುಗಳನ್ನ ಅವರೂ ನೋಡಿದಾರೆ, ನಾನೂ ನೋಡಿದೀನಿ. ಅದೇ ಊರಲ್ಲಿ ವರ್ಷಗಟ್ಟಲೆ ಮಷೀನಲ್ಲೇ ಕರೆದು ನಾಲ್ಕೂ ಮೊಲೆ ನೆಟ್ಟಗಿರುವ ಹಸುಗಳೂ ಇವೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ?

ಬಹಳ ಸಲ ಅದು ಇರೋದು ಒಂದು ಸಣ್ಣ ರಬ್ಬರ್ ಪೈಪಿನಲ್ಲಿ. ಹಾಲು ಹರಿಯುವ ಪೈಪಿನಲ್ಲಿ ಅಲ್ಲ. ಅದರ ಪಕ್ಕದಲ್ಲೇ ಸಪೂರವಾಗಿ ಇರುತ್ತಲ್ಲ, ಬರೀ ಗಾಳಿ ಆಡುವ ಪೈಪು, ಅದರಲ್ಲಿ. ಹಾಲಿನ ಪೈಪನ್ನ ನಾವು ದಿನಾ ತೊಳೀತೀವಿ, ಯಾಕಂದ್ರೆ ತೊಳೀದಿದ್ರೆ ನಾತ ಬರುತ್ತೆ, ಡೈರಿಯಲ್ಲಿ ಹಾಲು ವಾಪಸ್ ಕಳಿಸ್ತಾರೆ. ಗಾಳಿ ಪೈಪಿನ ಕಡೆ ಯಾರೂ ನೋಡಲ್ಲ. ಅದನ್ನ ಯಾಕೆ ನೋಡಬೇಕು ಅನ್ನೋದು ಗೊತ್ತಾಗಬೇಕಾದರೆ ಅದು ಮಷೀನಿಗೆ ಯಾಕೆ ಬಂತು ಅಂತ ತಿಳೀಬೇಕು. ಅದು ಇಲ್ಲದ ಕಾಲ ಒಂದಿತ್ತು. ಆ ಕಾಲದಲ್ಲಿ ನಮ್ಮ ಊರಿನವರು ಹೇಳುವ ಮಾತು ನೂರಕ್ಕೆ ನೂರು ನಿಜವಾಗಿತ್ತು.

*ಎಳೆಯೋದಲ್ಲ, ತಳ್ಳೋದು*

ಮೊದಲು ಒಂದು ವಿಷಯ. ವ್ಯಾಕ್ಯೂಮ್ ಏನನ್ನೂ ಎಳೆಯಲ್ಲ. ನಮ್ಮ ಸುತ್ತ ಇರುವ ಗಾಳಿಗೆ ಭಾರ ಇದೆ. ಇಟಲಿಯ ಟಾರಿಸೆಲ್ಲಿ 1643ರಲ್ಲಿ ಅದನ್ನ ಪಾದರಸದ ಕೊಳವೆಯಲ್ಲಿ ತೋರಿಸಿದ. ಸಮುದ್ರಮಟ್ಟದಲ್ಲಿ ಹೊರಗಿನ ಗಾಳಿ ಸುಮಾರು 76 ಸೆಂಟಿಮೀಟರ್ ಪಾದರಸವನ್ನ ಎತ್ತಿ ಹಿಡಿಯುತ್ತೆ. ಪೈಪಿನ ಒಳಗಿನ ಗಾಳಿಯನ್ನ ಪಂಪು ತೆಗೆದುಹಾಕಿದಾಗ, ತುಂಬಿದ ಕೆಚ್ಚಲಿನ ಒಳಗಿನ ಒತ್ತಡ ಹೆಚ್ಚು, ಮೊಲೆಯ ತುದಿಯ ಕೆಳಗೆ ಕಡಿಮೆ ಆಗುತ್ತೆ. ತುದಿಯ ಬಾಯಿ ತೆರೆದು ಹಾಲು ಹೊರಗೆ ಬರುತ್ತೆ. ನಮ್ಮ ಬಕೆಟ್ ಮಷೀನಿನ ಮೀಟರ್ 50 ಕಿಲೋಪಾಸ್ಕಲ್ ತೋರಿಸಿದರೆ ಅದು 375 ಮಿಲಿಮೀಟರ್ ಪಾದರಸ, ಅಂದ್ರೆ ಸಮುದ್ರಮಟ್ಟದ ಗಾಳಿಯ ಭಾರದಲ್ಲಿ ಹತ್ತಿರ ಹತ್ತಿರ ಅರ್ಧ.

ಪೈಪಿನ ಮಟ್ಟಿಗೆ ಇದರ ಅರ್ಥ ಇಷ್ಟು. ನೀರಿನ ಪೈಪು ಹಾಳಾದರೆ ಊದಿ ಒಡೆಯುತ್ತೆ, ಎಲ್ಲರಿಗೂ ಕಾಣುತ್ತೆ. ವ್ಯಾಕ್ಯೂಮ್ ಪೈಪು ಹಾಳಾದರೆ ಒಳಕ್ಕೆ ಕುಸಿಯುತ್ತೆ, ಇಲ್ಲವೇ ಹೊರಗಿನ ಗಾಳಿಯನ್ನ ಕುಡಿಯುತ್ತೆ. ಒಂದು ಹನಿಯೂ ಸೋರಲ್ಲ. ಅದಕ್ಕೇ ಇದರ ರೋಗ ಮೊದಲು ಗೊತ್ತಾಗೋದು ಹಸುವಿಗೆ.

*ಒಂದೇ ಪೈಪಿನ ಕಾಲ*

ಕೈಯಲ್ಲಿ ಕರೆಯದೆ ಹಾಲು ತೆಗೀಬೇಕು ಅನ್ನೋ ಆಸೆ 1800ರ ಹೊತ್ತಿನದು. ಯುರೋಪು, ಅಮೆರಿಕದಲ್ಲಿ ಮೊದಲು ಮಾಡಿದ ಉಪಾಯ ಕೇಳಿದರೆ ಮೈ ಜುಮ್ಮೆನ್ನುತ್ತೆ. ಸಣ್ಣ ಕೊಳವೆಯನ್ನ ಮೊಲೆಯ ತೂತಿನೊಳಗೇ ತೂರಿಸೋರು. ಹಾಲು ತಾನಾಗೇ ಇಳಿದುಬರೋದು. ಆದರೆ ಮೊಲೆಯ ತುದಿಯಲ್ಲಿ ಬಾಯಿ ಮುಚ್ಚಿಕೊಳ್ಳುವ ಒಂದು ಬಿಗಿ ಇದೆ, ಕೊಳೆ, ಸೋಂಕು ಒಳಗೆ ಹೋಗದಂತೆ ಕಾಯುವ ಬಾಗಿಲು ಅದು. ಕೊಳವೆ ಆ ಬಾಗಿಲನ್ನೇ ಹಿಗ್ಗಿಸಿ ಕೆಡಿಸಿತು. ಆಮೇಲೆ ಹಾಲು ಸೋರೋದು, ಒಂದು ಹಸುವಿನ ರೋಗ ಇನ್ನೊಂದಕ್ಕೆ ಹೋಗೋದು.

ಗಾಳಿ ತೆಗೆದು ಹಾಲು ಬರಿಸುವ ದಾರಿ ತೆರೆದದ್ದು ರಬ್ಬರಿನಿಂದ. ಹಸಿ ರಬ್ಬರು ಬಿಸಿಲಿಗೆ ಅಂಟಾಗೋದು, ಚಳಿಗೆ ಬಿರುಸಾಗೋದು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದಾಗ ಅದು ಗಟ್ಟಿಯಾಗಿ, ಬಗ್ಗಿದರೂ ಮತ್ತೆ ನೆಟ್ಟಗಾಗುವ ವಸ್ತುವಾಯ್ತು. ಅದು ಇಲ್ಲದಿದ್ದರೆ ಇವತ್ತಿನ ಯಾವ ಪೈಪೂ ಇಲ್ಲ.

1851ರಲ್ಲಿ ಇಂಗ್ಲೆಂಡಿನ ಇಬ್ಬರು ಇಡೀ ಕೆಚ್ಚಲಿಗೇ ಒಂದು ದೊಡ್ಡ ಬಟ್ಟಲು ಮುಚ್ಚಿ ಕೈಪಂಪಿನಿಂದ ಗಾಳಿ ತೆಗೆಯುವ ಯಂತ್ರ ಮಾಡಿದರು. 1860ರಲ್ಲಿ ಅಮೆರಿಕದ ಕಾಲ್ವಿನ್ ಅನ್ನೋನು ನಾಲ್ಕು ಮೊಲೆಗೆ ನಾಲ್ಕು ಕಪ್ಪು ಇರುವ ಕೈಪಂಪಿನ ಯಂತ್ರಕ್ಕೆ ಪೇಟೆಂಟ್ ಪಡೆದ. 1862ರ ಲಂಡನ್ ವಸ್ತುಪ್ರದರ್ಶನದಲ್ಲಿ ಅದನ್ನ ಜನ ನೋಡಿದರು. 1879ರಲ್ಲಿ ನ್ಯೂಜೆರ್ಸಿಯ ಆನಾ ಬಾಲ್ಡ್‌ವಿನ್ ಅನ್ನೋ ಹೆಣ್ಣುಮಗಳು ರಬ್ಬರ್ ಕೈಗವಸಿನಂಥ ಚೀಲವನ್ನ ಕೆಚ್ಚಲಿಗೆ ತೊಡಿಸಿ ಪಂಪಿಗೆ ಜೋಡಿಸಿದಳು. 1889ರಲ್ಲಿ ಸ್ಕಾಟ್ಲೆಂಡಿನ ಕಿಲ್ಮಾರ್ನಕ್ ಊರಿನ ವಿಲಿಯಂ ಮರ್ಚ್‌ಲ್ಯಾಂಡ್ ಹಸುವಿನ ಹೊಟ್ಟೆಯ ಕೆಳಗೆ ತೂಗುಹಾಕುವ ಯಂತ್ರ ತಂದ.

ಇವಕ್ಕೆಲ್ಲ ಒಂದೇ ಗುಣ. ಪೈಪು ಒಂದೇ. ಗಾಳಿ ತೆಗೆಯೋದೂ ಅದರಲ್ಲೇ, ಹಾಲು ಬರೋದೂ ಅದರಲ್ಲೇ. ಹಚ್ಚಿದ ಕ್ಷಣದಿಂದ ಬಿಚ್ಚುವ ತನಕ ಒಂದೇ ಸಮನೆ ಸೆಳೆತ. ನಿಮ್ಮ ಬೆರಳ ತುದಿಯನ್ನ ಬಾಯಲ್ಲಿಟ್ಟು ಬಿಡದೆ ಚೀಪಿ ನೋಡಿ, ಸ್ವಲ್ಪ ಹೊತ್ತಿಗೆ ಕೆಂಪಾಗಿ ಊದುತ್ತೆ. ಮೊಲೆಯ ತುದಿಗೂ ಹಾಗೇ. ರಕ್ತ ಕೆಳಕ್ಕೆ ಇಳಿದು ಅಲ್ಲೇ ನಿಲ್ಲುತ್ತೆ, ಮೊಲೆ ನೀಲಿಗಟ್ಟುತ್ತೆ, ಬಾಯಿಯ ಬಿಗಿ ಸಡಿಲ ಆಗುತ್ತೆ. ನೋವಾದ ಹಸು ಸೊರೆ ಬಿಡಲ್ಲ, ಒದೆಯುತ್ತೆ. ಆ ಕಾಲದ ರೈತರು ಮಷೀನನ್ನ ಅಟ್ಟಕ್ಕೆ ಹಾಕಿ ಮತ್ತೆ ಕೈಯಲ್ಲೇ ಕರೆದರು ಅಂದ್ರೆ ಅವರದ್ದು ಹಟ ಅಲ್ಲ, ಕಣ್ಣಾರೆ ಕಂಡದ್ದು.

*ಬಿಡೋದನ್ನ ಕಲಿತ ಮಷೀನು*

ಕರು ಹೇಗೆ ಕುಡಿಯುತ್ತೆ ನೋಡಿ. ಚೀಪುತ್ತೆ, ಬಿಡುತ್ತೆ, ನುಂಗುತ್ತೆ. ಮತ್ತೆ ಚೀಪುತ್ತೆ. ಆ "ಬಿಡುತ್ತೆ" ಅನ್ನೋ ಗಳಿಗೆಯಲ್ಲಿ ನಾಲಗೆ ಮೊಲೆಯನ್ನ ಒತ್ತಿ ನಿಂತ ರಕ್ತವನ್ನ ಮೇಲಕ್ಕೆ ಕಳಿಸುತ್ತೆ. ಮುಷ್ಟಿ ಹಿಡಿದು ಕರೆಯುವ ನಮ್ಮ ಹೆಂಗಸರ ಕೈಯೂ ಒತ್ತುತ್ತೆ, ಬಿಡುತ್ತೆ. ಬಿಡುವುದು ಮಷೀನಿಗೆ ಗೊತ್ತಿರಲಿಲ್ಲ.

ಗ್ಲಾಸ್ಗೋದ ಅಲೆಕ್ಸಾಂಡರ್ ಶೀಲ್ಸ್ 1895ರಲ್ಲಿ ತಂದ 'ಥಿಸಲ್' ಯಂತ್ರ ಮೊದಲ ಬಾರಿಗೆ ಅದನ್ನ ಕಲಿಯಿತು. ಸೆಳೆತವನ್ನ ಏರಿಸಿ ಇಳಿಸುವ ಪಲ್ಸೇಟರ್ ಅದರಲ್ಲಿತ್ತು. ಹಸುಗಳು ಸಮಾಧಾನವಾಗಿ ನಿಂತವು. ಆದರೆ ಪೈಪು ಇನ್ನೂ ಒಂದೇ ಆಗಿದ್ದರಿಂದ ಬೇರೆ ತೊಂದರೆ ಬಂತು. ಪ್ರತಿ ಸಲ ಇಳಿಸುವಾಗ ಕೊಟ್ಟಿಗೆಯ ಗಾಳಿ ಹಾಲಿನ ದಾರಿಗೇ ನುಗ್ಗೋದು, ಅದರ ಜೊತೆ ಧೂಳು, ಸಗಣಿ ವಾಸನೆ. ಅಷ್ಟು ಗಾಳಿ ತೆಗೆಯೋಕೆ ದೊಡ್ಡ ಪಂಪು, ಅದಕ್ಕೆ ಉಗಿ ಎಂಜಿನ್ನು. ನಾಲ್ಕು ಹಸುವಿನವನಿಗೆ ಆಗುವ ಮಾತಲ್ಲ.

ಗಂಟು ಬಿಡಿಸಿದ್ದು ಎರಡು ಕೋಣೆಯ ಕಪ್ಪು. ಈ ಯೋಚನೆ 1890ರ ದಶಕದಿಂದಲೇ ಸ್ಕಾಟ್ಲೆಂಡ್, ಅಮೆರಿಕದಲ್ಲಿ ಹಲವರ ತಲೆಯಲ್ಲಿತ್ತು. ಕೊಟ್ಟಿಗೆಯಲ್ಲಿ ನಿಲ್ಲುವ ಹಾಗೆ ಮಾಡಿದ್ದರ ಹೆಸರು ಹೆಚ್ಚಾಗಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದ ಟೆರಾಂಗ್ ಊರಿನ ಅಲೆಕ್ಸಾಂಡರ್ ಗಿಲ್ಲಿಸ್‌ಗೆ ಹೋಗುತ್ತೆ, 1903ರ ಸುಮಾರಿಗೆ. ಹೊರಗೆ ಗಟ್ಟಿ ಲೋಹದ ಕಪ್ಪು, ಒಳಗೆ ಮೆತ್ತನೆ ರಬ್ಬರ್ ತೋಳು. ಈಗ ನಾವು ಲೈನರ್ ಅಂತೀವಲ್ಲ, ಅದೇ. ತೋಳಿನ ಒಳಗೆ ಮೊಲೆ. ಅಲ್ಲಿ ಸೆಳೆತ ಯಾವಾಗಲೂ ಇರುತ್ತೆ, ಕಪ್ಪು ಬೀಳಲ್ಲ, ಹಾಲು ಒಂದೇ ದಿಕ್ಕಿಗೆ ಹೋಗುತ್ತೆ. ತೋಳಿಗೂ ಲೋಹಕ್ಕೂ ನಡುವಿನ ಕೋಣೆಗೆ ಇನ್ನೊಂದು ಪೈಪು. ಅದರಲ್ಲಿ ಹಾಲಿಗೆ ಕೆಲಸವೇ ಇಲ್ಲ. ಪಲ್ಸೇಟರ್ ಅದರ ಮೂಲಕ ಒಮ್ಮೆ ಗಾಳಿ ತೆಗೆಯುತ್ತೆ, ಆಗ ತೋಳು ಅರಳಿ ಹಾಲು ಹರಿಯುತ್ತೆ. ಮರುಗಳಿಗೆ ಹೊರಗಿನ ಗಾಳಿ ಬಿಡುತ್ತೆ, ಆಗ ತೋಳು ಮುದುಡಿ ಮೊಲೆಯ ತುದಿಯನ್ನ ಅದುಮುತ್ತೆ, ಹಾಲು ನಿಲ್ಲುತ್ತೆ, ರಕ್ತ ಮೇಲೇರುತ್ತೆ.

ಇದೇ ಎರಡನೇ ಪೈಪು. ಮಷೀನಿಗೆ ಬಿಡುವುದನ್ನ ಕಲಿಸಿದ ಪೈಪು. ಇವತ್ತು ನಮ್ಮ ಕೊಟ್ಟಿಗೆಯಲ್ಲಿರುವ ಎಲ್ಲ ಮಷೀನೂ ಗಾಳಿ, ರಬ್ಬರು, ಪೈಪಿನ ಲೆಕ್ಕದಲ್ಲಿ ಅದೇ ಯಂತ್ರ.

*ರಬ್ಬರಿಗೆ ಹಾಲೇ ಶತ್ರು*

ಮಷೀನು ಸರಿಹೋಯ್ತು, ಆದರೆ ಪೈಪಿನ ಗೋಳು ಮುಗೀಲಿಲ್ಲ. ಹಾಲಿನ ಕೊಬ್ಬು ಮರದ ರಬ್ಬರಿನೊಳಗೆ ಇಳಿಯುತ್ತೆ. ರಬ್ಬರು ಊದಿ ಮೆತ್ತಗಾಗುತ್ತೆ, ಆಮೇಲೆ ಒಳಮೈ ಬಿರುಕು ಬಿಡುತ್ತೆ, ಬಿರುಕಿನಲ್ಲಿ ಕೊಳೆ ಕೂರುತ್ತೆ. ಅದಕ್ಕೆ ಅಮೆರಿಕದ ರೈತರು ಎರಡು ಸೆಟ್ ಇಟ್ಟುಕೊಳ್ಳೋರು. ಒಂದು ಕೆಲಸ ಮಾಡುವಾಗ ಇನ್ನೊಂದು ತೆಳು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೀತಿತ್ತು, ಕೊಬ್ಬು ಸೋಪಾಗಿ ಹೊರಬರಲಿ ಅಂತ.

ಇನ್ನೊಬ್ಬರು ಪೈಪನ್ನೇ ಕಡಿಮೆ ಮಾಡಿದರು. 1920ರ ದಶಕದ ಆರಂಭದಲ್ಲಿ ಅಮೆರಿಕದ ಹರ್ಬರ್ಟ್ ಮೆಕಾರ್ನಾಕ್ ಮಾಡಿದ 'ಸರ್ಜ್' ಬಕೆಟ್ಟು ಹಸುವಿನ ಬೆನ್ನಿನ ಪಟ್ಟಿಯಿಂದ ಕೆಚ್ಚಲಿನ ಕೆಳಗೇ ತೂಗೋದು. ಕಪ್ಪಿನಿಂದ ಹಾಲು ಗೇಣು ದೂರವೂ ಹೋಗಬೇಕಾಗಿರಲಿಲ್ಲ, ನೇರ ಬಕೆಟ್ಟಿಗೆ. ಉದ್ದದ ಹಾಲಿನ ಪೈಪು ಇಲ್ಲ, ತೊಳೆಯುವ ಗೋಳೂ ಇಲ್ಲ. ಅದು ಲಕ್ಷಾಂತರ ಕೊಟ್ಟಿಗೆಗೆ ಹೋಗೋಕೆ ಇದು ದೊಡ್ಡ ಕಾರಣ.

1942ರಲ್ಲಿ ಜಪಾನ್ ಸೈನ್ಯ ಮಲಯಾ ಹಿಡಿದಾಗ ರಬ್ಬರ್ ತೋಟಗಳೂ ಅವರ ಕೈಗೆ ಹೋದವು. ಅಮೆರಿಕ, ಇಂಗ್ಲೆಂಡಿಗೆ ರಬ್ಬರ್ ಅಭಾವ. ಕಾರ್ಖಾನೆ ರಬ್ಬರ್ ಮುಂದೆ ಬಂತು. ಅದರಲ್ಲಿ ನೈಟ್ರೈಲ್ ಅನ್ನೋದು ಜರ್ಮನಿಯಲ್ಲಿ 1930ರ ದಶಕದಲ್ಲೇ ಹುಟ್ಟಿದ್ದು, ಎಣ್ಣೆ, ಕೊಬ್ಬಿಗೆ ಸುಲಭಕ್ಕೆ ಬಗ್ಗಲ್ಲ. ಇವತ್ತಿನ ಕಪ್ಪು ಲೈನರುಗಳಲ್ಲಿ ಬಹಳಷ್ಟು ಅದರ ಬಳಗದವು. ಆಮೇಲೆ ಒಳಗಿನ ಹಾಲು ಕಾಣುವ ಪಿವಿಸಿ ಪೈಪು, ಸಿಲಿಕಾನ್ ಪೈಪು ಬಂದವು.

ಇನ್ನೊಂದು ದೊಡ್ಡ ಪಾಠ ಸಿಕ್ಕಿದ್ದು ಇಂಗ್ಲೆಂಡಿನ ರೀಡಿಂಗ್ ಹತ್ತಿರದ ಡೈರಿ ಸಂಶೋಧನಾ ಸಂಸ್ಥೆಯಲ್ಲಿ, 1960–70ರ ದಶಕಗಳಲ್ಲಿ. ಸೆಳೆತ ಸ್ಥಿರವಾಗಿಲ್ಲದೆ ತಟಕ್ಕನೆ ಏರಿಳಿದರೆ ಕೆಚ್ಚಲಿಗೆ ಹೊಸ ಸೋಂಕು ಹೆಚ್ಚಾಗುತ್ತೆ ಅಂತ ಅಲ್ಲಿ ಕಂಡುಕೊಂಡರು. ಒಂದು ಕಪ್ಪಿನಲ್ಲಿ ಗಾಳಿ ನುಗ್ಗಿದರೆ ಹಾಲಿನ ಹನಿಗಳು ಹಿಮ್ಮುಖವಾಗಿ ಹಾರಿ ಪಕ್ಕದ ಮೊಲೆಯ ಬಾಯಿಗೆ ಬಡೀತವೆ, ಹನಿಯ ಜೊತೆ ರೋಗವೂ ಹೋಗುತ್ತೆ. ಅಂದ್ರೆ ಸೋರುವ ಪೈಪು ಬರೀ ಕರೆಂಟ್ ಬಿಲ್ಲಿನ ಪ್ರಶ್ನೆ ಅಲ್ಲ.

*ನಮ್ಮ ಕೊಟ್ಟಿಗೆಗೆ ಬಂದದ್ದು*

ನಮ್ಮ ರಾಜ್ಯದ ಮೊದಲ ಡೈರಿ ಕೊಡಗಿನ ಕೂಡಿಗೆಯಲ್ಲಿ ಶುರುವಾದದ್ದು 1955ರಲ್ಲಿ. 1974ರಲ್ಲಿ ವಿಶ್ವಬ್ಯಾಂಕ್ ನೆರವಿನ ಡೈರಿ ಯೋಜನೆ ಬಂತು, 1984ರಲ್ಲಿ ಅದು ಕೆಎಂಎಫ್ ಆಯ್ತು. ಊರೂರಲ್ಲಿ ಸಂಘ, ಮನೆಮನೆಯಲ್ಲಿ ಎಚ್.ಎಫ್., ಜರ್ಸಿ ಮಿಶ್ರತಳಿ. ನಾಟಿ ಹಸು ಎರಡು ಲೀಟರ್ ಕೊಡುವಾಗ ಕೈ ಸಾಕಿತ್ತು. ಹೊತ್ತಿಗೆ ಹತ್ತು ಲೀಟರ್ ಕೊಡುವ ಹಸು ನಾಲ್ಕಿದ್ದರೆ ಹೆಬ್ಬೆರಳಿನ ಗೆಣ್ಣು ನೋಯೋದು ಯಾರಿಗೆ? ಮನೆಯ ಹೆಂಗಸರಿಗೆ. ಮಕ್ಕಳು ಬೆಂಗಳೂರು ಸೇರಿದರು, ಕರೆಯೋಕೆ ಕೂಲಿ ಆಳು ಸಿಗಲ್ಲ. ಮಷೀನು ನಮಗೆ ಶೋಕಿಗೆ ಬಂದದ್ದಲ್ಲ. ಅದು ಕೆಟ್ಟ ಹೆಸರು ತಗೊಂಡು ಮೂಲೆ ಸೇರಿದರೆ ಮತ್ತೆ ಆ ಕೈಗಳೇ ನೋಯಬೇಕು, ಇಲ್ಲವೇ ಹಸು ಮಾರಬೇಕು.

ಆದರೆ ಮಷೀನ್ ಕೊಡುವವರು ಹಾಲಿನ ದಾರಿ ತೊಳೆಯೋದು ಹೇಳಿಕೊಟ್ಟು ಹೋಗ್ತಾರೆ. ಎರಡನೇ ಪೈಪಿನ ವಿಷಯ ಬಹಳ ಕಡೆ ಬಾಯಿಗೇ ಬರಲ್ಲ. ಈ ಚರಿತ್ರೆಯನ್ನ ಇಲ್ಲಿಗೆ ತಂದದ್ದು ಅದಕ್ಕೇ.

*ಪೈಪು ಕಟ್ಟಿದರೆ ಏನಾಗುತ್ತೆ*

ಪಲ್ಸೇಟರ್ ನಿಮಿಷಕ್ಕೆ ಸುಮಾರು 60 ಸಲ ಬಡಿಯುತ್ತೆ, ಅಂದ್ರೆ ಒಂದು ಬಡಿತಕ್ಕೆ ಒಂದು ಸೆಕೆಂಡು. ಅದರಲ್ಲಿ ತೋಳು ಪೂರ್ತಿ ಮುಚ್ಚಿ ಮೊಲೆಗೆ ವಿಶ್ರಾಂತಿ ಸಿಗುವ ಹೊತ್ತು 150 ಮಿಲಿಸೆಕೆಂಡಿಗಿಂತ ಕಡಿಮೆ ಆಗಬಾರದು ಅಂತ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತೆ. ಸೆಕೆಂಡಿನ ಏಳನೇ ಒಂದು ಭಾಗ, ಅಷ್ಟೇ. ಪೈಪಿನಲ್ಲಿ ಒಂದಿಷ್ಟು ಕೆನೆ ಒಣಗಿ ಗಾಳಿ ನಿಧಾನ ಆದರೆ ಮೊದಲು ಕಳೆದುಹೋಗೋದು ಈ ಪುಟ್ಟ ವಿಶ್ರಾಂತಿಯೇ.

ಪಲ್ಸೇಟರಿನ ಗಾಳಿ ಬರುವ ತೂತು ಧೂಳು, ಹಿಂಡಿ ಪುಡಿ, ಕಣಜದ ಹುಳದ ಮಣ್ಣಿನಿಂದ ಕಟ್ಟಿದರೆ ತೋಳು ಅರಳಿದ್ದು ಮುಚ್ಚಲ್ಲ. ಮೊಲೆಗೆ ಬಿಡುವಿಲ್ಲದ ಸೆಳೆತ. ನಿಮ್ಮದು ಹೋದ ವರ್ಷ ಕೊಂಡ ಮಷೀನೇ ಇರಬಹುದು, ಹಸುವಿಗೆ ಮಾತ್ರ ಅದು 1860ರ ಮಷೀನು. ಇನ್ನು ಗಾಳಿ ಪೈಪು ಬಿರುಕು ಬಿಟ್ಟರೆ ಉಲ್ಟಾ. ತೋಳು ಪೂರ್ತಿ ಅರಳಲ್ಲ, ಆ ಮೊಲೆ ನಿಧಾನ. ಅದು ಮುಗಿಯೋ ತನಕ ಮಷೀನ್ ಬಿಟ್ಟರೆ ಖಾಲಿಯಾದ ಬೇರೆ ಮೊಲೆಗಳು ಒಣ ಸೆಳೆತ ತಿಂತವೆ.

ಹಾಲು ಹರಿಯದ ಪೈಪಿಗೆ ಹಾಲು ಹೇಗೆ ಹೋಗುತ್ತೆ? ಎರಡು ದಾರಿ. ಲೈನರ್ ಎಲ್ಲೋ ಸಣ್ಣಗೆ ಸೀಳಿರುತ್ತೆ, ಅಲ್ಲಿಂದ ಹಾಲು ನಡುವಿನ ಕೋಣೆಗೆ ಇಳಿದು ಪಲ್ಸೇಟರ್ ತನಕ ಹೋಗುತ್ತೆ. ಇಲ್ಲವೇ ಬಕೆಟ್ ತುಂಬಿ ಉಕ್ಕಿ ನೊರೆ ವ್ಯಾಕ್ಯೂಮ್ ಪೈಪಿಗೆ, ಅಲ್ಲಿಂದ ಪಂಪಿಗೆ ಹೋಗುತ್ತೆ. ಗಾಳಿ ಪೈಪಿನಲ್ಲಿ ಬಿಳಿ ಹನಿ ಕಂಡರೆ ಮೊದಲು ಸೀಳಿದ ಲೈನರ್ ಹುಡುಕಿ ಬದಲಾಯಿಸಿ, ಆಮೇಲೆ ಪೈಪು ತೊಳೀರಿ. ಇಲ್ಲಾಂದ್ರೆ ನಾಳೆ ಮತ್ತೆ ಅದೇ ಕಥೆ.

*ಹೆಬ್ಬೆರಳ ಪರೀಕ್ಷೆ*

ಮೀಟರ್ ಗೀಟರ್ ಬೇಡ. ಕೈ ತೊಳೆದು, ಮಷೀನ್ ಚಾಲೂ ಮಾಡಿ, ಒಂದೊಂದೇ ಕಪ್ಪಿನೊಳಗೆ ಹೆಬ್ಬೆರಳು ಹಾಕಿ. ಉಳಿದ ಕಪ್ಪುಗಳನ್ನ ಮುಚ್ಚಿರಿ. ಅದುಮಿ ಬಿಡುವುದು ಸ್ಪಷ್ಟವಾಗಿ ತಿಳೀಬೇಕು, ನಾಲ್ಕರಲ್ಲೂ ಒಂದೇ ತರ ಇರಬೇಕು.

– ಒಂದೇ ಕಪ್ಪು ಬೇರೆ ತರ ಇದ್ದರೆ: ಆ ಕಪ್ಪಿನ ಲೈನರ್ ಅಥವಾ ಅದರ ಗಿಡ್ಡ ಗಾಳಿ ಪೈಪು.
– ಎರಡು ಕಪ್ಪು ಸಪ್ಪೆ ಇದ್ದರೆ: ಎರಡೆರಡಾಗಿ ಬಡಿಯುವ ಮಷೀನಿನಲ್ಲಿ ಆ ಬದಿಯ ಉದ್ದ ಗಾಳಿ ಪೈಪು ಅಥವಾ ಪಲ್ಸೇಟರಿನ ಆ ಬದಿ.
– ನಾಲ್ಕೂ ಸಪ್ಪೆ ಇದ್ದರೆ: ಪಲ್ಸೇಟರ್, ಅಥವಾ ಪಂಪಿನಿಂದ ಬರುವ ಮುಖ್ಯ ಪೈಪು.

ಸೋರಿಕೆ ಹುಡುಕೋಕೆ ಸೋಪಿನ ನೊರೆ ಹಚ್ಚಿ ಗುಳ್ಳೆಗೆ ಕಾಯಬೇಡಿ, ಗುಳ್ಳೆ ಏಳಲ್ಲ. ಇಲ್ಲಿ ಗಾಳಿ ಒಳಗೆ ಹೋಗುತ್ತೆ, ನೊರೆ ಒಳಕ್ಕೇ ಎಳೆದುಕೊಳ್ಳುತ್ತೆ. ಕಿವಿಗೊಟ್ಟು ಸುಯ್ಯೆನ್ನುವ ಸದ್ದು ಕೇಳಿ. ಒಂದೊಂದೇ ಪೈಪು ಮಡಚಿ ಹಿಡಿದು ಮೀಟರ್ ನೋಡಿ. ಯಾವ ಪೈಪು ಮಡಚಿದಾಗ ಮುಳ್ಳು ತಟ್ಟನೆ ಏರುತ್ತೋ, ಸೋರಿಕೆ ಅದರಿಂದಾಚೆ ಇದೆ.

*ಕಟ್ಟಿದ್ದು ಬಿಡಿಸೋದು*

ಪೈಪಿಗೆ ಕಬ್ಬಿಣದ ತಂತಿ ತೂರಿಸಬೇಡಿ. ಒಳಮೈ ಗೀರಿದರೆ ಗೀರಿನಲ್ಲೇ ಮುಂದಿನ ಕೊಳೆ ಕೂರುತ್ತೆ. ಪೈಪು ಬಿಚ್ಚಿ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ. ಕುದಿಯುವ ನೀರು ಮೊದಲೇ ಹಾಕಿದರೆ ಹಾಲು ಬೆಂದು ಅಂಟಿಕೊಳ್ಳುತ್ತೆ. ಆಮೇಲೆ ಮಷೀನಿನ ತೊಳೆಯುವ ಪುಡಿ ಹಾಕಿದ ಬಿಸಿನೀರು, ಪೈಪಿನ ಗಾತ್ರದ ನೈಲಾನ್ ಬ್ರಷ್, ಕಟ್ಟಿದ ಕಡೆಯ ಎದುರು ತುದಿಯಿಂದ ನೀರು. ಪೂರ್ತಿ ಒಣಗಿದ ಮೇಲೇ ಜೋಡಿಸಿ, ಒದ್ದೆ ಇದ್ದರೆ ನೀರು ಪಲ್ಸೇಟರಿಗೆ ಹೋಗುತ್ತೆ.

ಬೋರ್‌ವೆಲ್ಲಿನ ಗಡಸು ನೀರಿರುವ ಕಡೆ ಹಾಲಿನ ಪೈಪಿನೊಳಗೆ ಸುಣ್ಣ, ಹಾಲಿನ ಉಪ್ಪು ಸೇರಿ ಕಲ್ಲಿನಂಥ ಪದರ ಕಟ್ಟುತ್ತೆ. ಅದಕ್ಕೆ ವಾರಕ್ಕೊಮ್ಮೆಯಾದರೂ ಮಷೀನಿಗೆ ಅಂತ ಬರುವ ಆಮ್ಲದ ದ್ರಾವಣ ಬೇಕು. ಅದನ್ನೂ ಕ್ಲೋರಿನ್ ಇರುವ ಪುಡಿಯನ್ನೂ ಒಟ್ಟಿಗೆ ಬೆರೆಸಬೇಡಿ, ವಿಷದ ಗಾಳಿ ಏಳುತ್ತೆ. ನಾಲ್ಕು ಕಪ್ಪಿನ ಹಾಲು ಸೇರುವ ಕ್ಲಾದಲ್ಲಿ ಸೂಜಿಮೊನೆಯಷ್ಟು ಗಾಳಿ ತೂತು ಇರುತ್ತೆ, ಹಾಲು ಮುಂದಕ್ಕೆ ಸಾಗಲಿ ಅಂತ ಇಟ್ಟಿರೋದು. ಅದು ಕಟ್ಟಿದರೆ ಹಾಲು ಮೊಲೆಯ ಬುಡದಲ್ಲೇ ನಿಲ್ಲುತ್ತೆ. ಅದನ್ನ ಬಿಡಿಸಿ, ಆದರೆ ಮೊಳೆ ಹಾಕಿ ದೊಡ್ಡದು ಮಾಡಬೇಡಿ.

*ಬದಲಾಯಿಸೋದು*

ರಬ್ಬರ್ ಲೈನರಿಗೆ ಸಾಮಾನ್ಯ ಲೆಕ್ಕ 2500 ಕರೆತ ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ನಾಲ್ಕು ಹಸು, ದಿನಕ್ಕೆ ಎರಡು ಹೊತ್ತು ಅಂದ್ರೆ ಎಂಟು ಕರೆತ. 2500 ಆಗೋಕೆ 312 ದಿನ ಬೇಕು. ಸಣ್ಣ ರೈತರು "ನಮ್ಮದು ನಾಲ್ಕೇ ಹಸು, ಇನ್ನೂ ಸವೆದಿಲ್ಲ" ಅನ್ನೋದು ಇದಕ್ಕೇ. ಆದರೆ ನಮಗೆ ಲೆಕ್ಕ ಆರು ತಿಂಗಳದ್ದು. ರಬ್ಬರು ಕೆಲಸದಿಂದ ಮಾತ್ರ ಸಾಯಲ್ಲ, ಕೊಬ್ಬು, ಬಿಸಿನೀರು, ಬಿಸಿಲಿನಿಂದಲೂ ಸಾಯುತ್ತೆ.

ಲೈನರ್ ಜೊತೆಗೇ ಗಿಡ್ಡ ಗಾಳಿ ಪೈಪು ನಾಲ್ಕನ್ನೂ ಬದಲಾಯಿಸಿ. ಒಂದನ್ನ ಮಾತ್ರ ಹೊಸದು ಹಾಕಿದರೆ ನಾಲ್ಕು ಮೊಲೆಗೆ ನಾಲ್ಕು ತರ ಆಗುತ್ತೆ. ಉದ್ದ ರಬ್ಬರ್ ಪೈಪುಗಳಿಗೆ ವರ್ಷ. ಪೈಪು ಬಿರುಕು ಬಿಡೋದು ಹೆಚ್ಚಾಗಿ ತುದಿಯಲ್ಲಿ, ಲೋಹಕ್ಕೆ ಸಿಕ್ಕಿಸಿರುವ ಕಡೆ. ಉದ್ದ ಪೈಪಾದರೆ ಒಂದಂಗುಲ ಕತ್ತರಿಸಿ ತಾತ್ಕಾಲಿಕವಾಗಿ ಸಿಕ್ಕಿಸಬಹುದು, ಅಷ್ಟರಲ್ಲಿ ಹೊಸದು ತನ್ನಿ. ಹೊಸ ಪೈಪು ಬಿಗಿಯಾದರೆ ತುದಿಯನ್ನ ಬಿಸಿನೀರಿನಲ್ಲಿ ಅದ್ದಿ, ಎಣ್ಣೆ, ಗ್ರೀಸ್ ಬೇಡ. ತೋಟಕ್ಕೆ ನೀರು ಬಿಡುವ ಹಸಿರು ಪೈಪು ಹಾಕಲೇಬೇಡಿ, ಅದು ಊದದಿರೋಕೆ ಮಾಡಿದ್ದು, ಕುಸಿಯದಿರೋಕೆ ಅಲ್ಲ. ಹಳೇದರಷ್ಟೇ ಒಳಗಾತ್ರ, ಅಷ್ಟೇ ಉದ್ದ ಇರಲಿ. ಮೊಳೆಗೆ ನೇತುಹಾಕಿದರೆ ಮಡಿಕೆ ಬೀಳುತ್ತೆ, ದಪ್ಪ ಗೂಟಕ್ಕೆ ಹಾಕಿ. ಬಿಸಿಲು ಬೇಡ, ಹಾಲಿನ ವಾಸನೆಗೆ ಇಲಿ ಕಡಿಯುವ ಜಾಗವೂ ಬೇಡ.

ಹೊಸ ಪೈಪು ಹಾಕಿದ ದಿನ ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ತಾರೀಕು ಬರೀರಿ, ಅಳಿಸಿಹೋದೀತು ಅಂತ ಕೊಟ್ಟಿಗೆ ಗೋಡೆಯ ಮೇಲೂ ಬರೀರಿ. ಒಂದು ಸೆಟ್ಟಿನ ದುಡ್ಡು ದೊಡ್ಡದು ಅನ್ನಿಸಿದರೆ, ಒಂದು ಸಲ ಬಾವು ಬಂದರೆ ಡಾಕ್ಟರ ಖರ್ಚು, ಔಷಧಿ ಕೊಟ್ಟ ದಿನಗಳಲ್ಲಿ ಡೈರಿಗೆ ಹಾಕಲಾಗದೆ ಚೆಲ್ಲುವ ಹಾಲು, ಬತ್ತಿದ ಮೊಲೆಯಿಂದ ಸಂತೆಯಲ್ಲಿ ಇಳಿಯುವ ಹಸುವಿನ ಬೆಲೆ, ಮೂರನ್ನೂ ಪಕ್ಕದಲ್ಲಿ ಬರೆದು ಕೂಡಿಸಿ.

ಎರಡನೇ ಪೈಪು ಬರೋಕೆ ಮನುಷ್ಯನಿಗೆ 1851ರಿಂದ ಐವತ್ತು ವರ್ಷ ಹಿಡೀತು. ಅಷ್ಟು ದಿನ ಹಸುಗಳು ನೋವು ತಿಂದು ಕಲಿಸಿದ ಪಾಠ ಅದು. ಸಂಜೆ ಕರೆಯುವ ಮೊದಲು ಹೆಬ್ಬೆರಳು ಹಾಕಿ ನೋಡಿ.